ಬೇಸ್ ಗಿಟಾರ್ ನುಡಿಸುವವರಿಗೆ ಎಂಥ ಡ್ರಮ್ಮರ್ ಜೊತೆ ನುಡಿಸೋದು ಖುಷಿ?

ಸ್ಪೀಡ್ ಇದೆ, ಡಬಲ್ ಪೆಡಲ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ 'ಕಿಕ್' ಅನ್ನ ಎರಡೂ ಕಾಲಲ್ಲಿ ನುಡಿಸೋದು) ಬರುತ್ತೆ, ಏಳರ ಲೆಕ್ಕ, ಒಂಬತ್ತರ ಲೆಕ್ಕ ಎಲ್ಲ ಸಾಧನೆ ಮಾಡಿದ್ದೀನಿ, ಆದರೂ ನಮ್ಮ ಬೇಸಿಸ್ಟ್ "ನಿನ್ನ ಜೊತೆ ಮಜಾ ಬರ್ತಿಲ್ಲ ಗುರು" ಅಂತಾನೆ, ಇವರಿಗೆಲ್ಲ ಬೇಕಾಗಿರೋದಾದ್ರೂ ಏನು ಅಂತ ಕೇಳಿದ್ದೀರಿ. ನಾನು ಬೇಸ್ ನುಡಿಸೋನು. ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳು ಹೊಟ್ಟೆಪಾಡಿಗೆ, ಪಬ್ಬುಗಳಲ್ಲಿ ನುಡಿಸೋ ಸಣ್ಣ ಬ್ಯಾಂಡು ಆಸೆಗೆ. ನನ್ನ ಉತ್ತರ ಇಷ್ಟೇ: ನನ್ನ ಸ್ವರ ಎಲ್ಲಿ ಶುರುವಾಗುತ್ತೆ ಅನ್ನೋದನ್ನ ಎಲ್ಲ ಡ್ರಮ್ಮರುಗಳೂ ಗಮನಿಸ್ತಾರೆ. ಎಲ್ಲಿ ಮುಗಿಯುತ್ತೆ ಅನ್ನೋದನ್ನ ಕೇಳಿಸ್ಕೊಳ್ಳೋರು ಸಿಕ್ಕಿದ ದಿನ ನನಗೆ ಹಬ್ಬ.

ಸ್ನೇರ್ (ಕಡ್ಡಿಯಲ್ಲಿ ಬಾರಿಸೋ ಚುರುಕು ಸದ್ದಿನ ಡ್ರಮ್) ಪೆಟ್ಟು ಬಿದ್ದ ಕೂಡಲೇ ಮುಗಿದುಹೋಗುತ್ತೆ. ಬೇಸ್ ಹಾಗಲ್ಲ, ಮೀಟಿದ ತಂತಿ ಬೆರಳು ಸಡಿಲಿಸೋವರೆಗೂ ಗುಂಯ್‌ಗುಡ್ತಾನೇ ಇರುತ್ತೆ. ಒಂದನೇ ಪೆಟ್ಟಿಗೆ ಕಿಕ್ ಜೊತೆ ಮೀಟಿದ ಸ್ವರವನ್ನ, ಎರಡನೇ ಪೆಟ್ಟಿಗೆ ಸ್ನೇರ್ ಬೀಳೋ ಹೊತ್ತಿಗೆ ಸರಿಯಾಗಿ ನಿಲ್ಲಿಸಿದೆ ಅಂದ್ಕೊಳ್ಳಿ, ಸ್ನೇರ್ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳುತ್ತೆ. ಅದನ್ನ ದಾಟಿ ಎಳೆದರೆ ಹಾಡು ಮೆತ್ತಗಾಗುತ್ತೆ, ತೇಲುತ್ತೆ. ಎರಡೂ ಬೇಕು. ಪಲ್ಲವಿಗೆ ಒಂದು ಒಪ್ಪಿದರೆ ಚರಣಕ್ಕೆ ಇನ್ನೊಂದು. ನಾನು ಸ್ವರ ಚಿಕ್ಕದು ಮಾಡ್ತಾ ಹೋದಾಗ ಹೈಹ್ಯಾಟ್ (ಕಾಲಲ್ಲಿ ತೆರೆದು ಮುಚ್ಚೋ ಜೋಡಿ ತಾಳ) ಬಿಗಿ ಹಿಡಿದು, ಉದ್ದ ಎಳೆದಾಗ ಒಂಚೂರು ಬಾಯಿ ಬಿಡಿಸೋ ಡ್ರಮ್ಮರ್ ಇರ್ತಾರಲ್ಲ, ಅವರ ಜೊತೆ ಎರಡೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಇಟ್ಕೊಂಡು ಅರ್ಧ ಗಂಟೆ ನುಡಿಸಿದರೂ ಸಾಕು ಅನ್ನಿಸಲ್ಲ. ಹೇಳಿ ಮಾಡಿಸೋದು ಕಷ್ಟ ಇದನ್ನ. ಕಿವಿ ನನ್ನ ಕಡೆ ಇದ್ದರೆ ಕೈಕಾಲು ತಾವಾಗೇ ಮಾಡ್ತವೆ.

ಕಾಲಪ್ರಮಾಣ ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಲ್ಲೋದು ಅಂದ್ರೆ ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸೋ ಯಂತ್ರ) ಮೇಲೇ ಕೂತ್ಕೊಳ್ಳೋದಲ್ಲ. ನಿಮಿಷಕ್ಕೆ 100 ಪೆಟ್ಟಿನ ಹಾಡಲ್ಲಿ ಪೆಟ್ಟಿಂದ ಪೆಟ್ಟಿಗೆ 600 ಮಿಲಿಸೆಕೆಂಡ್. ಅದರಲ್ಲಿ ಸ್ನೇರ್ ಒಂದು 15-20 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಕೇಳೋರಿಗೆ ತಪ್ಪು ಅನ್ನಿಸಲ್ಲ, ಹಾಡು ಆರಾಮಾಗಿ ನಡೀತಿದೆ ಅನ್ನಿಸುತ್ತೆ. 1965ರಲ್ಲಿ ಅಮೆರಿಕದ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಗಾಯಕ ವಿಲ್ಸನ್ ಪಿಕೆಟ್ ಅವರ 'ಇನ್ ದ ಮಿಡ್‌ನೈಟ್ ಅವರ್' ರೆಕಾರ್ಡ್ ಆಗ್ತಿದ್ದಾಗ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಕಂಟ್ರೋಲ್ ರೂಮಿಂದ ಹೊರಗೆ ಬಂದು, ಆಗಿನ ಹುಡುಗರು ಕುಣೀತಿದ್ದ 'ಜರ್ಕ್' ಅನ್ನೋ ಕುಣಿತವನ್ನ ತಾನೇ ಕುಣಿದು ತೋರಿಸಿ, ಎರಡು ಮತ್ತು ನಾಲ್ಕನೇ ಪೆಟ್ಟನ್ನ ಒಂಚೂರು ತಡ ಮಾಡಿ ಅಂದಿದ್ದು ಪ್ರಸಿದ್ಧ ಕಥೆ. ಡ್ರಮ್ಸ್ ಮೇಲೆ ಇದ್ದವರು ಆಲ್ ಜಾಕ್ಸನ್ ಜೂನಿಯರ್, ಬೇಸ್ ಡಕ್ ಡನ್ ಅವರದು. ಹೆಡ್‌ಫೋನ್ ಹಾಕ್ಕೊಂಡು ಆ ಹಾಡು ಕೇಳಿ. ನನಗೆ ಅಲ್ಲಿ ಮೆಚ್ಚುಗೆ ಆಗೋದು ತಡ ಮಾಡಿದ್ದಲ್ಲ, ಹಾಡಿನ ಕೊನೇವರೆಗೂ ಆ ತಡವನ್ನ ಒಂದೇ ಹದದಲ್ಲಿ ಕಾಪಾಡಿದ್ದು. ಡ್ರಮ್ಮರ್ ಎಲ್ಲಿ ಕೂತಿದ್ದಾರೆ ಅಂತ ಗೊತ್ತಿದ್ದರೆ ನಾನು ಅವರ ಪಕ್ಕ ಕೂರ್ತೀನಿ, ಬೇಕಾದರೆ ಸ್ವಲ್ಪ ಮುಂದೆ, ಬೇಕಾದರೆ ಸ್ವಲ್ಪ ಹಿಂದೆ. ಒಂದು ಆವರ್ತ ಮುಂದೆ, ಮುಂದಿನದು ಹಿಂದೆ ಅಂತಾದರೆ ನನ್ನ ಇಡೀ ಸಂಜೆ ಹುಡುಕಾಟದಲ್ಲೇ ಕಳೆಯುತ್ತೆ.

ಇನ್ನು ಈ 'ಲಾಕ್' ಆಗೋ ವಿಷಯ. ಕಿಕ್ ಮತ್ತು ಬೇಸ್ ಒಂದಕ್ಕೊಂದು ಅಂಟ್ಕೊಂಡಿರಬೇಕು ಅಂತ ಯೂಟ್ಯೂಬಲ್ಲಿ ಎಲ್ಲರೂ ಹೇಳ್ತಾರೆ. ಹುಡುಗರು ಅದನ್ನ ನಂಬಿ ನಾನು ಮೀಟಿದ ಪ್ರತಿ ಸ್ವರಕ್ಕೂ ಕಾಲು ಒತ್ತೋಕೆ ಶುರು ಮಾಡ್ತಾರೆ. ಹಾಗೆ ಮಾಡಿದರೆ ಇಬ್ಬರೂ ಒಂದೇ ಮಾತನ್ನ ಎರಡು ಸಲ ಹೇಳಿದ ಹಾಗಾಯ್ತು, ಅಷ್ಟೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ಅವರ ಬೇಸ್ ಎಷ್ಟು ಹರಿದಾಡುತ್ತೆ ನೋಡಿ. ಡ್ರಮ್ಮರ್ ಬೆನ್ನಿ ಬೆಂಜಮಿನ್ ಅವರಂಥವರು ಹಿಂದೆ ಗಟ್ಟಿಯಾಗಿ ನೆಲ ಹಾಕಿ ಕೊಟ್ಟಿದ್ದಕ್ಕೇ ಆ ಹರಿದಾಟ ಸಾಧ್ಯ ಆಗಿದ್ದು. ಜಮೈಕಾದವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ರೆಗ್ಗೆ ಸಂಗೀತದ 'ಒನ್ ಡ್ರಾಪ್' ನಡೆಯಲ್ಲಿ ಮೊದಲ ಪೆಟ್ಟಿಗೆ ಕಿಕ್ ಇರೋದೇ ಇಲ್ಲ, ಭಾರವೆಲ್ಲ ಮೂರನೇದರ ಮೇಲೆ. ಖಾಲಿ ಬಿಟ್ಟ ಆ ಜಾಗದಲ್ಲಿ ಬೇಸ್ ಮಾತಾಡುತ್ತೆ. ಡ್ರಮ್ಮರ್ ಸ್ಲೈ ಡನ್‌ಬಾರ್ ಮತ್ತು ಬೇಸಿಸ್ಟ್ ರಾಬಿ ಶೇಕ್ಸ್‌ಪಿಯರ್ ಜೋಡಿಯನ್ನ ಕೇಳ್ತಾ ಕೂತ್ಕೊಳ್ಳಿ, ಯಾರು ಯಾವಾಗ ಸುಮ್ಮನಿರ್ತಾರೆ ಅನ್ನೋದನ್ನ ಮಾತ್ರ ಗಮನಿಸಿ.

ಡಬಲ್ ಪೆಡಲ್ ಬಗ್ಗೆ ನನ್ನ ತಕರಾರು ಇಲ್ಲೇ ಇರೋದು. ಮೆಟಲ್ ನುಡಿಸೋದಾದ್ರೆ ಹಾಕಿ, ಬೇಡ ಅನ್ನಲ್ಲ. ಮಿಕ್ಕ ಕಡೆ ಅದು ನನ್ನ ಜಾಗ ತಿನ್ನುತ್ತೆ. ಬೇಸ್‌ನ ದಪ್ಪ ಇ ತಂತಿ ಸುಮಾರು 41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಎ ತಂತಿ 55. ನಿಮ್ಮ ಕಿಕ್ ಗುಮ್ಮೋದೂ ಹೆಚ್ಚುಕಮ್ಮಿ ಅಲ್ಲೇ ಆಸುಪಾಸಲ್ಲಿ. ಅದರ ಮೇಲೆ ನಮ್ಮ ಆರ್ಕೆಸ್ಟ್ರಾಗಳಲ್ಲಿ ಢೋಲಕ್‌ನ ಎಡಗೈಯ ದಪ್ಪ ಸದ್ದು ಬೇರೆ. ಒಂದೇ ಬಾಗಿಲಲ್ಲಿ ಮೂರು ಜನ ಒಟ್ಟಿಗೆ ನುಗ್ಗಿದ ಹಾಗೆ! ಅದೂ ಗೋಡೆಯೆಲ್ಲ ಗ್ರಾನೈಟ್ ಹಾಕಿರೋ ಕಲ್ಯಾಣ ಮಂಟಪದಲ್ಲಿ ಆದರೆ ಕೇಳೋದೇ ಬೇಡ. ಢೋಲಕ್ ಶುರುವಾದ ತಕ್ಷಣ ಕಿಕ್ ಕಮ್ಮಿ ಮಾಡಿ, ಅದರೊಳಗೆ ಒಂದು ಹಳೇ ಕಂಬಳಿ ತುರುಕಿ ಕೂರೋ ಡ್ರಮ್ಮರನ್ನ ನಾನು ಕರೆದು ಊಟ ಹಾಕಿಸ್ತೀನಿ.

ಬೆಂಗಳೂರು ಮೈಸೂರು ಕಡೆ ಮೃದಂಗ ಕಲಿತು ಆಮೇಲೆ ಡ್ರಮ್ಸಿಗೆ ಬಂದವರು ಸಾಕಷ್ಟು ಜನ ಇದ್ದಾರೆ. ಫಿಲ್ (ಸಾಲುಗಳ ನಡುವೆ ಬಾರಿಸೋ ಚಿಕ್ಕ ಅಲಂಕಾರ) ಎಲ್ಲೇ ಶುರು ಮಾಡಲಿ, ಸಮಕ್ಕೆ, ಅಂದ್ರೆ ಆವರ್ತದ ಮೊದಲ ಪೆಟ್ಟಿಗೆ, ಕರೆಕ್ಟಾಗಿ ತಂದು ಬಿಡ್ತಾರೆ, ಬೀಳ್ತಾರೇನೋ ಅನ್ನೋ ಭಯ ಇಲ್ಲ. ಇವರ ಜೊತೆ ನುಡಿಸೋಕೆ ನನಗೆ ತುಂಬ ಇಷ್ಟ. ಆದರೆ ಕೆಲವರು ನಾಲ್ಕು ಸಾಲಿಗೊಂದು ತೀರ್ಮಾನ (ಮೂರು ಸಲ ಬಾರಿಸಿ ಮುಗಿಸೋ ಜತಿ) ಹಾಕ್ತಾರೆ. ಕಚೇರಿಯಲ್ಲಿ ಪಲ್ಲವಿ ಸಾಹಿತ್ಯ ನಡೀತಿದ್ದಾಗ ಅದೇ ಮೃದಂಗದವರು ಹೇಗೆ ತಗ್ಗಿ ನುಡಿಸ್ತಾರೆ, ತಮ್ಮ ವಿದ್ಯೆಯನ್ನೆಲ್ಲ ತನಿ ಆವರ್ತನಕ್ಕೆ (ತಾಳವಾದ್ಯದವರು ಮಾತ್ರ ನುಡಿಸೋ ಭಾಗ) ಇಟ್ಕೊಂಡಿರ್ತಾರೆ. ಡ್ರಮ್ ಸ್ಟೂಲ್ ಮೇಲೆ ಕೂತ ತಕ್ಷಣ ಅದ್ಯಾಕೆ ಮರೆತುಹೋಗುತ್ತೋ! ಸಿಕ್ಸ್-ಎಯ್ಟ್ (ಆರು ಚಿಕ್ಕ ಪೆಟ್ಟಿನ) ನಡೆಯಲ್ಲಿ ಮಾತ್ರ ಇವರನ್ನ ಮೀರಿಸೋರಿಲ್ಲ. ಜನಪದ ಹಾಡುಗಳಿಗೆ, ತಮಟೆ ಏಟಿನ ಸಿನಿಮಾ ಹಾಡುಗಳಿಗೆ ಬೇಕಾದ ಆ ತುಯ್ದಾಟ ಪುಸ್ತಕ ನೋಡಿ ಕಲಿತ ರಾಕ್ ಡ್ರಮ್ಮರ್‌ಗೆ ಬೇಗ ಕೈಗೆ ಹತ್ತಲ್ಲ.

ವೇದಿಕೆ ಮೇಲೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡೋ ಗುಣ ಬೇರೆ ಇದೆ. ಗಾಯಕರು ಬಿಜಿಎಂ (ನಡುವೆ ಬರೋ ವಾದ್ಯಸಂಗೀತ) ಮುಗಿಯೋ ಮುಂಚೆನೇ ಚರಣ ಎತ್ತಿಬಿಡ್ತಾರೆ, ಎರಡು ಪೆಟ್ಟು ನುಂಗಿಬಿಡ್ತಾರೆ. ವಾರಕ್ಕೊಮ್ಮೆ ಆಗೋ ಮಾತು ಇದು. ಆಗ ಕೀಬೋರ್ಡ್, ಗಿಟಾರ್, ನಾನು, ಎಲ್ಲರೂ ತಿರುಗಿ ನೋಡೋದು ಡ್ರಮ್ಮರ್ ಕಡೆ. ಒಳ್ಳೆಯವರು ಒಂದು ಪೆಟ್ಟಿನೊಳಗೆ ತೀರ್ಮಾನ ಮಾಡಿ, ಒಂದು ಕ್ರ್ಯಾಶ್ (ದೊಡ್ಡ ತಾಳದ ಪೆಟ್ಟು) ಕೊಟ್ಟು, ಇಲ್ಲಿಂದ ಒಂದು ಅಂತ ಎಲ್ಲರಿಗೂ ತೋರಿಸಿಬಿಡ್ತಾರೆ, ಕೆಳಗೆ ಕೂತವರಿಗೆ ಗೊತ್ತೇ ಆಗಲ್ಲ. ಇನ್ನೊಂದು ಜಾತಿ ಇದೆ: ತನ್ನ ಲೆಕ್ಕ ಸರಿ, ಹಾಡಿದವರದ್ದೇ ತಪ್ಪು ಅಂತ ಅದೇ ಲೆಕ್ಕ ಹಿಡ್ಕೊಂಡು, ಗಾಯಕರನ್ನ ದುರುಗುಟ್ಟಿ ನೋಡ್ತಾ ಕೂರೋರು. ಲೆಕ್ಕ ಸರಿಯೇ ಸ್ವಾಮಿ, ಹಾಡು ಹೊರಟುಹೋಯ್ತಲ್ಲ!

ಸಣ್ಣಪುಟ್ಟದ್ದೂ ಇದೆ. ನಾನು ಶ್ರುತಿ ಮಾಡ್ಕೊಳ್ವಾಗ ಟಾಮ್ ಡ್ರಮ್ ಬಡೀತಾ ಕೂರಬೇಡಿ. ಒನ್-ಟೂ-ತ್ರೀ-ಫೋರ್ ಅನ್ನೋ ಮುಂಚೆ ಪಲ್ಲವಿಯ ಒಂದು ಸಾಲು ಮನಸ್ಸಲ್ಲೇ ಹಾಡ್ಕೊಳ್ಳಿ, ಸ್ಪೀಡ್ ಸರಿಯಾಗಿ ಸಿಗುತ್ತೆ. ಮೈಕ್ ಇಲ್ಲದ ಚಿಕ್ಕ ರೂಮಲ್ಲಿ ಕಮ್ಮಿ ಸದ್ದಲ್ಲೂ ಅದೇ ನಡೆ ಹಿಡಿಯೋದನ್ನ ಸಾಧನೆ ಮಾಡಿ. ಸ್ಪೀಡ್ ಇರೋರಿಗೆ ಇದು ನಿಜವಾಗ್ಲೂ ಕಷ್ಟ.

ನಿಮ್ಮ ಬೇಸಿಸ್ಟ್ ಇನ್ನೂ ಬಿಟ್ಟು ಹೋಗಿಲ್ಲ ತಾನೆ? ಹಾಗಿದ್ರೆ ಮುಂದಿನ ರಿಹರ್ಸಲ್‌ಗೆ ಅರ್ಧ ಗಂಟೆ ಮುಂಚೆ ಇಬ್ಬರೇ ಕೂತ್ಕೊಳ್ಳಿ. ನಿಮಿಷಕ್ಕೆ 60 ಪೆಟ್ಟು, ಕಿಕ್, ಸ್ನೇರ್, ಹೈಹ್ಯಾಟ್ ಮಾತ್ರ, ಹತ್ತು ನಿಮಿಷ ಒಂದೂ ಫಿಲ್ ಇಲ್ಲ. ಅವರು ಸ್ವರದ ಉದ್ದ ಬದಲಾಯಿಸ್ತಾ ಹೋಗಲಿ, ನೀವು ಹಿಂಬಾಲಿಸಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಯರ್‌ಫೋನ್‌ನಲ್ಲಿ ಕೇಳಿ, ಮೊಬೈಲ್ ಸ್ಪೀಕರಲ್ಲಿ ಬೇಸ್ ಕೇಳೋದೇ ಇಲ್ಲ. ಅವರನ್ನ ಹೈಹ್ಯಾಟ್ ಪಕ್ಕಕ್ಕೇ ನಿಲ್ಲಿಸ್ಕೊಳ್ಳಿ. ಸದ್ದು ಒಂದು ಮೀಟರ್ ದಾಟೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು, ವೇದಿಕೆಯ ಆ ತುದಿಗೆ ಆರು ಮೀಟರ್ ದೂರ ನಿಂತರೆ ಆಗಲೇ 18 ಮಿಲಿಸೆಕೆಂಡ್ ತಡ ಆಯ್ತು. ಆಮೇಲೆ, ಅವರದ್ದು ಐದು ತಂತಿಯ ಬೇಸ್ ಆಗಿದ್ರೆ ಕೆಳಗಿನ ಬಿ ತಂತಿ 31 ಹರ್ಟ್ಸ್‌ಗೆ ಇಳಿಯುತ್ತೆ, ಕಿಕ್ಕನ್ನ ಸ್ವಲ್ಪ ಮೇಲಕ್ಕೆ ಟ್ಯೂನ್ ಮಾಡಿ ನೋಡಿ.