ಕಲಬುರಗಿಯ 44 ಡಿಗ್ರಿ ತಡೆದವರಿಗೆ ದುಬೈನ 34 ಏಕೆ ತಡೆಯಲಾಗುತ್ತಿಲ್ಲ?

ಮೇ ತಿಂಗಳು ಬಂತೆಂದರೆ ಕೊಲ್ಲಿ ದೇಶಗಳಿಂದ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ. ಈ ಸಲ ಒಂದಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಅಲ್ಲಲ್ಲೇ ಮುಗಿಸುತ್ತೇನೆ. ಬಿಸಿಲಿಗೆ ಟೋಪಿ ಹಾಕಬೇಕೇ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ.

ಪ್ರಶ್ನೆ: ನಾ ಕಲಬುರಗಿ ಕಡಿಯಾವ. ಊರಾಗ 44 ಡಿಗ್ರಿ ಬಿಸಿಲಾಗ ಸೆಂಟ್ರಿಂಗ್ ಕೆಲಸ ಮಾಡೀನಿ. ಇಲ್ಲಿ ದುಬೈನ ಅಲ್ ಕೂಜ್‌ದಾಗ ರಾತ್ರಿ ಪಾಳಿ. ಫೋನಿನ್ಯಾಗ ಬರೇ 34 ತೋರಸ್ತದ. ಆದ್ರೂ ಹತ್ತು ಗಂಟೆಕ್ಕೇ ತಲಿ ತಿರಗ್ತದ, ವಾಂತಿ ಬಂದಂಗ ಆಗ್ತದ. ನೀರು ಕಮ್ಮಿ ಕುಡೀತಿ ಅಂತಾರ ಜೊತೆಯವರು. ನಂಗೇನಾಗೇದ್ರೀ?

ಇದು ಸೆಕೆಯ ಬಳಲಿಕೆಯ ಲಕ್ಷಣ, ನೀವು ನೋಡುವ ಅಂಕಿ ತಪ್ಪಾಗಿದೆ. ಮೈಯನ್ನು ತಂಪು ಮಾಡುವುದು ಬೆವರಲ್ಲ, ಬೆವರು ಆರುವುದು. ಒಂದು ಲೀಟರ್ ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಹೋಗುವುದು ನೀರು ಮತ್ತು ಉಪ್ಪು ಮಾತ್ರ, ಬಿಸಿ ಅಲ್ಲೇ ಉಳಿಯುತ್ತದೆ.

ಬೆವರು ಎಷ್ಟು ಬೇಗ ಆರುತ್ತದೆ ಎಂಬುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರದ ಮೇಲೆ ನಿಂತಿದೆ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಆವಿಯ ಒತ್ತಡ ಸುಮಾರು 56 ಹೆಕ್ಟೊಪಾಸ್ಕಲ್ (ಒತ್ತಡ ಅಳೆಯುವ ಮಾನ). ಕಲಬುರಗಿಯ ಮೇ ಮಧ್ಯಾಹ್ನ, 44 ಡಿಗ್ರಿ, 15 ಶೇಕಡಾ ತೇವ ಎಂದಿಟ್ಟುಕೊಳ್ಳಿ: ಗಾಳಿಯಲ್ಲಿರುವುದು ಸುಮಾರು 14. ಅಂತರ 42. ದುಬೈನ ಆಗಸ್ಟ್ ರಾತ್ರಿ, 34 ಡಿಗ್ರಿ, 80 ಶೇಕಡಾ: ಗಾಳಿಯಲ್ಲೇ 42ಕ್ಕಿಂತ ಹೆಚ್ಚು. ಉಳಿದ ಅಂತರ ಬರೀ 13, 14. ಅಂದರೆ ಊರಿನಲ್ಲಿ ನಿಮ್ಮ ಬೆವರಿಗಿದ್ದ ಶಕ್ತಿಯ ಮೂರನೇ ಒಂದು ಪಾಲು ಮಾತ್ರ ಇಲ್ಲಿದೆ.

ಇದಕ್ಕೆ ಕಾರಣ ಪಕ್ಕದ ಕೊಲ್ಲಿ. ಸರಾಸರಿ ಆಳ 35 ಮೀಟರಿನ ಆಸುಪಾಸಿನ ಆ ಸಮುದ್ರ ಆಗಸ್ಟ್ ಹೊತ್ತಿಗೆ 33ರಿಂದ 35 ಡಿಗ್ರಿಗೆ ಕಾಯುತ್ತದೆ. ಹಗಲಿನ ಕಡಲಗಾಳಿ ಅದರ ಆವಿಯನ್ನು ಊರೊಳಗೆ ತಂದು ಸುರಿಯುತ್ತದೆ, ರಾತ್ರಿ ಗಾಳಿ ಬಿದ್ದುಹೋಗುತ್ತದೆ, ಆವಿ ಅಲ್ಲೇ ನಿಲ್ಲುತ್ತದೆ. ಜೂನಿನಲ್ಲಿ ವಾಯವ್ಯದಿಂದ ಶಮಾಲ್ ಎಂಬ ಒಣಗಾಳಿ ಬೀಸಿದ ದಿನ ಧೂಳಿದ್ದರೂ ಬೆವರು ಆರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಗಳೇ ನಿಜವಾದ ಪರೀಕ್ಷೆ. ಉಡುಪಿ, ಮಂಗಳೂರಿನವರಿಗೆ ಮೇ ತಿಂಗಳ ಸೆಕೆ ಗೊತ್ತಿರುವುದರಿಂದ ಅವರು ಇದನ್ನು ಬೇಗ ಗುರುತಿಸುತ್ತಾರೆ, ಬಯಲುಸೀಮೆಯವರು ಮೋಸಹೋಗುತ್ತಾರೆ.

ಇನ್ನು ಮೇಲೆ ಫೋನಿನಲ್ಲಿ ಡ್ಯೂ ಪಾಯಿಂಟ್ ನೋಡಿ. ಗಾಳಿ ಯಾವ ಉಷ್ಣತೆಗೆ ಇಳಿದರೆ ಇಬ್ಬನಿ ಕಟ್ಟುತ್ತದೋ ಆ ಅಂಕಿ ಅದು. ಅದು 20ರ ಕೆಳಗಿದ್ದರೆ ಬೆವರು ತನ್ನ ಕೆಲಸ ಮಾಡುತ್ತದೆ. 25 ದಾಟಿದರೆ ಭಾರದ ಕೆಲಸವನ್ನು ತುಂಡು ಮಾಡಿ. 28 ದಾಟಿದರೆ ನಿಮ್ಮ ಗಟ್ಟಿತನವನ್ನು ಯಾರಿಗೂ ತೋರಿಸಬೇಡಿ. ಶೇಕಡಾ ತೇವವನ್ನು ಮಾತ್ರ ನೋಡಬೇಡಿ. ಬೆಳಗ್ಗೆ 85 ಇದ್ದದ್ದು ಮಧ್ಯಾಹ್ನ 40 ಆಗುವುದು ಗಾಳಿ ಒಣಗಿದ್ದಕ್ಕಲ್ಲ, ಹೆಚ್ಚಾಗಿ ಗಾಳಿ ಕಾದದ್ದಕ್ಕೆ. 42 ಡಿಗ್ರಿಯಲ್ಲಿ 40 ಶೇಕಡಾ ಎಂದರೂ ಡ್ಯೂ ಪಾಯಿಂಟ್ 25ರ ಮೇಲೆಯೇ ಇರುತ್ತದೆ. ಅಂದಹಾಗೆ, “ದುಬೈಯಲ್ಲಿ 48 ಡಿಗ್ರಿ, 90 ಶೇಕಡಾ ತೇವ” ಎಂಬ ರೀಲ್ಸ್ ಕಳಿಸುವುದನ್ನು ನಿಲ್ಲಿಸಿ. ಹಾಗಾಗಬೇಕಾದರೆ ಡ್ಯೂ ಪಾಯಿಂಟ್ 46 ಆಗಬೇಕು. 2003ರ ಜುಲೈನಲ್ಲಿ ಸೌದಿಯ ದಹ್ರಾನ್‌ನಲ್ಲಿ ದಾಖಲಾದ 35ನ್ನೇ ಜಗತ್ತು ಇನ್ನೂ ಬೆರಗಿನಿಂದ ನೋಡುತ್ತಿದೆ.

ಫೋನಿನ ಅಂಕಿ ವಿಮಾನ ನಿಲ್ದಾಣದ್ದೋ ಕಂಪ್ಯೂಟರ್ ಲೆಕ್ಕದ್ದೋ ಆಗಿರುತ್ತದೆ, ನಿಮ್ಮ ಸೈಟಿನದ್ದಲ್ಲ. ಹಾಗಾಗಿ ಅಲ್ಲೇ ಅಳೆಯಿರಿ. 50 ಡಿಗ್ರಿವರೆಗೆ ಗುರುತಿರುವ ಒಂದೇ ಜಾತಿಯ ಎರಡು ಗಾಜಿನ ಥರ್ಮಾಮೀಟರ್ ತನ್ನಿ. ಜ್ವರ ನೋಡುವುದಲ್ಲ, ಗೋಡೆಗೆ ತೂಗುವುದು. ಎರಡನ್ನೂ ಅಕ್ಕಪಕ್ಕ ಹದಿನೈದು ನಿಮಿಷ ಇಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿ. ಒಂದರ ಬುರುಡೆಗೆ ತೆಳುವಾದ ಹಳೆಯ ಹತ್ತಿ ಪಂಚೆಯ ಚೂರನ್ನು ಒಂದೇ ಸುತ್ತು ಸುತ್ತಿ ದಾರ ಕಟ್ಟಿ, ಬಾಟಲಿಯ ಶುದ್ಧ ನೀರಿನಲ್ಲಿ ನೆನೆಸಿ. ನೆರಳಿನಲ್ಲಿ ಫ್ಯಾನಿನ ಮುಂದೆ ಐದು ನಿಮಿಷ ಇಟ್ಟು, ಒದ್ದೆಯದರ ಅಂಕಿ ಇಳಿಯುವುದು ನಿಂತ ಕ್ಷಣ ಓದಿ. ಅದೇ ವೆಟ್ ಬಲ್ಬ್ ಉಷ್ಣತೆ, ಅಂದರೆ ನೀರು ಆರುವುದರಿಂದ ಎಷ್ಟರವರೆಗೆ ತಂಪಾಗಬಹುದು ಎಂಬ ಅಂಕಿ. ಇದರಲ್ಲಿ ತಪ್ಪಾಗುವುದು ಮೂರು ಕಡೆ: ಬಟ್ಟೆ ಆರಿಹೋದರೆ ಅಂಕಿ ಏರುತ್ತದೆ; ಉಪ್ಪುನೀರು ಹಾಕಿದರೆ ಬಟ್ಟೆ ಗರಿಗರಿಯಾಗಿ ನೀರು ಹಿಡಿಯುವುದಿಲ್ಲ; ಎಸಿ ಕೋಣೆಯಿಂದ ತಂದ ಕೂಡಲೇ ಓದಿದರೆ ಗಾಜಿನ ಮೇಲೆ ಇಬ್ಬನಿ ಕಟ್ಟಿ ಎರಡೂ ಸುಳ್ಳು ಹೇಳುತ್ತವೆ.

ಮೇಲಿನ ಲೆಕ್ಕದಲ್ಲಿ ಕಲಬುರಗಿಯ ವೆಟ್ ಬಲ್ಬ್ ಸುಮಾರು 23, ದುಬೈನ ಆ ರಾತ್ರಿಯದು 31. ಮನುಷ್ಯ 35ರವರೆಗೆ ತಡೆಯುತ್ತಾನೆ ಎಂದು ಬಹಳ ಕಡೆ ಓದುತ್ತೀರಿ, ಅದು ಕಾಗದದ ಮೇಲಿನ ಮಿತಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೇವದ ಸೆಕೆಯಲ್ಲಿ 31ರ ಹತ್ತಿರ ಬಂದಾಗಲೇ ಆರೋಗ್ಯವಂತ ಯುವಕರ ಮೈಯೊಳಗಿನ ಬಿಸಿ ತಡೆಯಿಲ್ಲದೆ ಏರತೊಡಗಿತು, ಅದೂ ಮನೆಗೆಲಸದಷ್ಟು ಹಗುರ ಶ್ರಮಕ್ಕೆ. ನೀವು ಹೊರುವುದು ಸಿಮೆಂಟು. ನನ್ನ ಮಾತು ಕೇಳುವುದಾದರೆ ವೆಟ್ ಬಲ್ಬ್ 28ಕ್ಕೆ ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಎಸಿ. 30ಕ್ಕೆ ಭಾರದ ಕೆಲಸ ಬಂದ್. ಮೇಸ್ತ್ರಿ ಒಪ್ಪುವುದಿಲ್ಲ ಎಂದು ಬರೆಯುತ್ತೀರಿ, ಗೊತ್ತು. ಆ ಥರ್ಮಾಮೀಟರಿನ ಫೋಟೋ ಸಮಯದ ಸಮೇತ ಸೇಫ್ಟಿ ಆಫೀಸರಿಗೆ ಕಳಿಸಿ, ಬಾಯಿಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ನೀರಿನ ವಿಷಯ: ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿ.ಲೀ. ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದು. ಮೀರಿದರೆ ರಕ್ತದ ಸೋಡಿಯಂ ಇಳಿದು ಅದರಿಂದಲೇ ತಲೆಸುತ್ತು, ವಾಂತಿ ಬರಬಹುದು. ಎರಡು ಗಂಟೆ ಮೀರಿ ಬೆವರಿದರೆ ಓಆರ್‌ಎಸ್ ಕುಡಿಯಿರಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ. ಉಪ್ಪಿನ ಮಾತ್ರೆ ನುಂಗಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಜುಲೈನಲ್ಲಿ ರಜೆ ಹಾಕಿ ಊರಿನ ಮಳೆಯಲ್ಲಿ ತಿಂಗಳು ಕಳೆದು ಬಂದಿದ್ದರೆ ನಿಮ್ಮ ಮೈಗೆ ಸೆಕೆಯ ರೂಢಿ ಪೂರ್ತಿ ತಪ್ಪಿರುತ್ತದೆ. ಒಂದು ವಾರ ದೂರವಿದ್ದರೂ ಅದು ಕರಗತೊಡಗುತ್ತದೆ. ಹೊಸಬರಾದರೆ ಮೊದಲ ದಿನ ಕೆಲಸದ ಐದನೇ ಒಂದು ಪಾಲು, ಮುಂದೆ ದಿನಕ್ಕೆ ಅಷ್ಟಷ್ಟೇ ಏರಿಸಿ. ಹಳಬರಾದರೆ ಮೊದಲ ದಿನ ಅರ್ಧ, ನಾಲ್ಕನೇ ದಿನಕ್ಕೆ ಪೂರ್ತಿ. ರಾತ್ರಿ ವಿಮಾನ ಇಳಿದು ಬೆಳಗ್ಗೆ ಸೈಟಿಗೆ ಹೋಗುವುದು ಧೈರ್ಯವಲ್ಲ, ಹುಚ್ಚು.

ವಾಂತಿ ಬಂದಂತಾದಾಗ ನೀರು ಕುಡಿದು ಮತ್ತೆ ಕೆಲಸಕ್ಕೆ ಇಳಿಯಬೇಡಿ, ಆ ದಿನದ ಪಾಳಿ ಮುಗಿಯಿತು ಎಂದೇ ತಿಳಿಯಿರಿ. ಜೊತೆಯವನ ಮಾತು ತೊದಲಿದರೆ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಟ್ಟರೆ 998ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈಮೇಲೆ ಐಸ್ ನೀರು ಸುರಿಯುತ್ತಲೇ ಇರಿ. “ಬಿಸಿಲಿನಿಂದ ಬಂದವರಿಗೆ ತಣ್ಣೀರು ತಾಗಿದರೆ ನರ ಒಡೆಯುತ್ತದೆ” ಎಂಬ ವಾಟ್ಸಾಪ್ ವೈದ್ಯ ಅಲ್ಲಿದ್ದರೆ ಅವನನ್ನು ಮೊದಲು ಆಚೆ ಕಳಿಸಿ.

ಪ್ರಶ್ನೆ: 50 ಡಿಗ್ರಿ ಆದರೆ ಕೆಲಸ ನಿಲ್ಲಿಸಬೇಕಾಗುತ್ತದೆ ಎಂದು ಸರ್ಕಾರ 49 ಅಂತಲೇ ತೋರಿಸುತ್ತದಂತೆ, ನಿಜವೇ?

ಸುಳ್ಳು. ಯುಎಇ ಕಾನೂನು ಗಡಿಯಾರ ನೋಡುತ್ತದೆ, ಥರ್ಮಾಮೀಟರಲ್ಲ: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಅಷ್ಟೇ. ಅಬುಧಾಬಿಯ ಸ್ವೈಹಾನ್‌ನಲ್ಲಿ 2025ರ ಮೇ ತಿಂಗಳಲ್ಲಿ 51.6 ಆದದ್ದನ್ನು ಅಲ್ಲಿನ ಹವಾಮಾನ ಕೇಂದ್ರವೇ ಪ್ರಕಟಿಸಿತು. ಕಾರಿನ ಡ್ಯಾಶ್‌ಬೋರ್ಡಿನ 52 ಡಾಂಬರಿನ ಬಿಸಿ, ಅದರ ಫೋಟೋ ಕಳಿಸಬೇಡಿ. ಅಂಕಿ ನೋಡಿ ಕೆಲಸ ನಿಲ್ಲಿಸುವ ನಿಯಮ ಇರುವುದು ಕತಾರಿನಲ್ಲಿ. 2021ರಿಂದ ಅಲ್ಲಿ ತೇವ, ಬಿಸಿಲು, ಗಾಳಿಯ ಬಿಸಿ ಮೂರನ್ನೂ ಕೂಡಿಸಿದ ಸೂಚ್ಯಂಕ 32.1 ದಾಟಿದರೆ ಹೊರಗಿನ ಕೆಲಸ ನಿಲ್ಲಬೇಕು. ಯುಎಇಯಲ್ಲೂ ಅದೇ ಬೇಕು. ರಾತ್ರಿಯ ಸೆಕೆಗೆ ಮಧ್ಯಾಹ್ನದ ವಿರಾಮದಿಂದ ಏನೂ ಉಪಯೋಗವಿಲ್ಲ.

ಪ್ರಶ್ನೆ: ದುಬೈನ 2024ರ ಪ್ರವಾಹ ಮೋಡ ಬಿತ್ತನೆಯಿಂದಲೇ ಅಲ್ಲವೇ?

ಅಲ್ಲ. ಅದೇ ಮಳೆಗಾಳಿ ಎರಡು ದಿನ ಮೊದಲೇ ಒಮಾನ್‌ನಲ್ಲಿ ಜನರನ್ನು ಕೊಂದಿತ್ತು, ಮುನ್ಸೂಚನೆಯೂ ಮೊದಲೇ ಬಂದಿತ್ತು. ಬಿತ್ತನೆಯ ಉಪ್ಪಿನ ಪುಡಿ ಇರುವ ಮೋಡದಿಂದ ಒಂದಿಷ್ಟು ಹೆಚ್ಚು ಹಿಂಡಬಹುದೇ ಹೊರತು ಮೋಡವನ್ನೇ ಹುಟ್ಟಿಸಲಾರದು. ಏಪ್ರಿಲ್ 16ರಂದು ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನವೂ ತುಂಬುವ ಮುಂಚೆ 254.8 ಮಿ.ಮೀ. ಬಿತ್ತು, 1949ರಲ್ಲಿ ದಾಖಲೆ ಇಡಲು ತೊಡಗಿದಂದಿನಿಂದ ಅದೇ ಅತಿ ಹೆಚ್ಚು ಎಂದು ಅಲ್ಲಿನ ಹವಾಮಾನ ಕೇಂದ್ರ ಹೇಳಿತು. ನಮ್ಮ ಘಟ್ಟದವರಿಗೆ ಅದೇನು ಮಹಾ ಅನ್ನಿಸಬಹುದು. ವರ್ಷಕ್ಕೆ 100 ಮಿ.ಮೀ. ಕೂಡ ಕಾಣದ ಊರಿನಲ್ಲಿ ನೀರು ಹರಿದುಹೋಗಲು ಚರಂಡಿಯೇ ಸಾಲದು.

ಪ್ರಶ್ನೆ: ಅರಬ್ಬೀ ಸಮುದ್ರದ ಮುಂಗಾರು ಅಷ್ಟು ಹತ್ತಿರವಿದ್ದೂ ದುಬೈಗೆ ಬೇಸಿಗೆಯಲ್ಲಿ ಮಳೆ ಯಾಕಿಲ್ಲ?

ಈ ಸಲದ ಒಳ್ಳೆಯ ಪ್ರಶ್ನೆ. ಭಾರತದ ಮೇಲೆ ಮುಂಗಾರಿನಲ್ಲಿ ಮೇಲೇರಿದ ಗಾಳಿ ಎಲ್ಲೋ ಕೆಳಗಿಳಿಯಲೇಬೇಕು. ಇಳಿಯುವ ಜಾಗಗಳಲ್ಲಿ ಅರೇಬಿಯಾ ಒಂದು. ಇಳಿಯುವ ಗಾಳಿ ಒತ್ತಿಕೊಂಡು ಕಾದು ಮುಚ್ಚಳದಂತೆ ಕೂರುತ್ತದೆ, ಕೆಳಗೆ ಎಷ್ಟೇ ಆವಿಯಿದ್ದರೂ ಮೋಡ ಮೇಲೇಳದು. ಮುಚ್ಚಳ ಸೀಳುವುದು ಹೆಚ್ಚಾಗಿ ಯುಎಇಯ ಪೂರ್ವದ ಹಜರ್ ಬೆಟ್ಟಗಳ ಕಡೆ, ಕೆಲವು ಮಧ್ಯಾಹ್ನ. 2022ರ ಜುಲೈ ಕೊನೆಯಲ್ಲಿ ಆ ಕಡೆಯ ಫುಜೈರಾ ಮುಳುಗಿದ್ದು ನೆನಪಿರಲಿ. ಜುಲೈ, ಆಗಸ್ಟ್‌ನಲ್ಲಿ ಆ ಬೆಟ್ಟಗಳ ನಡುವಿನ ಹತ್ತಾ ಎಂಬ ಊರಿನ ಕಡೆ ಕಣಿವೆಗೆ ಪಿಕ್‌ನಿಕ್ ಹೋಗುವವರು ಒಣಗಿದ ಹೊಳೆಯ ಪಾತ್ರದಲ್ಲಿ ಕಾರು ನಿಲ್ಲಿಸಬೇಡಿ.

ಪ್ರಶ್ನೆ: ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ?

ಪಲ್ಯಕ್ಕೆ ಹಾಕಿ.

ಪ್ರಶ್ನೆ: ನಲ್ಲಿಯಲ್ಲಿ ತಣ್ಣೀರೂ ಕುದಿಯುವ ಹಾಗೆ ಬರುತ್ತದೆ. ಸ್ನಾನ ಹೇಗೆ?

ಛಾವಣಿಯ ಟ್ಯಾಂಕು ಬಿಸಿಲಿಗೆ ಕಾಯುತ್ತದೆ, ಗೀಸರ್ ಮನೆಯೊಳಗಿನ ತಂಪಿನಲ್ಲಿರುತ್ತದೆ. ಜೂನಿನಿಂದ ಗೀಸರ್ ಸ್ವಿಚ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತಿರುಗಿಸಿ. 50 ಲೀಟರಿನ ಗೀಸರಾದರೆ ಒಬ್ಬಿಬ್ಬರ ಸ್ನಾನಕ್ಕೆ ಸಾಕು, ಮತ್ತೆ ತುಂಬಿದ ನೀರು ಆರಲು ಕೆಲವು ಗಂಟೆ ಬಿಡಿ.