ಗೇಟಿಗೆ ಬೀಗ ಹಾಕಿದರೆ ಮಗು ಎಲ್ಲಿಗೆ ಹೋಗುತ್ತೆ, ಅಧ್ಯಕ್ಷರೇ?

ಅಧ್ಯಕ್ಷರೇ, ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದೆ. ತಡದ ಬಗ್ಗೆಯೇ ಬರೆದ ಕಾಗದಕ್ಕೆ ತಡವಾಗಿ ಉತ್ತರ ಕೊಡುತ್ತಿದ್ದೇನೆ, ಹತ್ತು ರೂಪಾಯಿ ದಂಡ ಹಾಕಬೇಡಿ.

ಹೆಸರು, ಊರು ಬೇಡ ಅಂದಿದ್ದೀರಿ, ಹಾಕಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ತರಗತಿ, 74 ಮಕ್ಕಳು, ನೀವು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು. ಓದುಗರಿಗೆ ಇಷ್ಟು ಸಾಕು. ನಿಮ್ಮ ಕಷ್ಟ ಇದು: ಹತ್ತು ಗಂಟೆಗೆ ಪ್ರಾರ್ಥನೆಗೆ ನಿಂತರೆ ಅರ್ಧದಷ್ಟು ಮಕ್ಕಳೂ ಇರುವುದಿಲ್ಲ, ಹತ್ತೂವರೆ ತನಕ ಒಬ್ಬೊಬ್ಬರಾಗಿ ಬರುತ್ತಲೇ ಇರುತ್ತಾರೆ. ಶನಿವಾರ ಬೆಳಗಿನ ಶಾಲೆಯ ಕತೆಯಂತೂ ಕೇಳುವುದೇ ಬೇಡ. ಸಂತೆ ದಿನ, ಹಬ್ಬದ ಮಾರನೇ ದಿನ, ಶೇಂಗಾ ಕೀಳುವ ಕಾಲ ಬಂತೆಂದರೆ ಬೆಂಚು ಖಾಲಿ. ಅದಕ್ಕೆ ಸಮಿತಿಯಲ್ಲಿ ಮೂರು ತೀರ್ಮಾನ ಮಾಡಿದ್ದೀರಿ. ಪ್ರಾರ್ಥನೆ ಮುಗಿದ ಮೇಲೆ ಗೇಟಿಗೆ ಬೀಗ. ತಡವಾಗಿ ಬಂದ ಮಗುವಿನ ಮನೆಯವರಿಗೆ 10 ರೂಪಾಯಿ ದಂಡ. ಇಡೀ ವರ್ಷ ಒಂದು ದಿನವೂ ತಪ್ಪಿಸದವರಿಗೆ ಸ್ಟೀಲ್ ಟಿಫಿನ್ ಬಾಕ್ಸು. ಹೆಡ್‌ಮಾಸ್ಟರಿಗೆ ಅರ್ಧ ಮನಸ್ಸು, ಅದಕ್ಕೆ ನಮ್ಮ ಅಭಿಪ್ರಾಯ ಕೇಳಿದ್ದೀರಿ, 'ನೇರವಾಗಿ ಹೇಳಿ' ಅಂತಲೂ ಬರೆದಿದ್ದೀರಿ.

ನೇರವಾಗಿಯೇ ಹೇಳುತ್ತೇನೆ. ಮೂರೂ ಬೇಡ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮಗೂ ಶನಿವಾರ ಬೆಳಗ್ಗೆ ಎಂಟಕ್ಕೆ ಶಾಲೆ. ಮನೆಯಲ್ಲಿ ಒಂದು ಸೀಮೆ ಹಸು. ಅವ್ವ ಹಾಲು ಕರೆದು ಕ್ಯಾನಿಗೆ ಸುರಿದು ಕೊಟ್ಟರೆ ಡೈರಿಗೆ ಹಾಕಿ ಬರುವುದು ನನ್ನ ಕೆಲಸ. ಬೇರೆ ದಿನ ತೊಂದರೆ ಇರಲಿಲ್ಲ, ಶಾಲೆ ಹತ್ತಕ್ಕೆ ತಾನೇ. ಶನಿವಾರ ಮಾತ್ರ ಎಡವಟ್ಟು. ಸೆಕ್ರೆಟರಿ ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರ್ ಬಿಟ್ಟು, ಸ್ಯಾಂಪಲ್ ತೆಗೆದು, ಪಾಸ್‌ಬುಕ್ಕಿನಲ್ಲಿ ಬರೆದು, ನಡುವೆ ಒಂದು ಬೀಡಿ ಸೇದಿ, ನನ್ನ ಸರದಿ ಬರುವ ಹೊತ್ತಿಗೆ ಎಂಟೂ ಹತ್ತು. ಅಲ್ಲಿಂದ ಶಾಲೆಗೆ ಓಡಿದರೆ ಮೇಷ್ಟ್ರು ಹುಣಸೆ ಬರಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರು. ಎರಡು ಏಟು, ಆಮೇಲೆ ಧ್ವಜದ ಕಟ್ಟೆ ಪಕ್ಕ ಮೊಣಕಾಲೂರಿ ಕೂರಬೇಕು.

ಮೂರು ಶನಿವಾರ ಹೀಗಾಯಿತು. ನಾಲ್ಕನೇ ವಾರ ನನಗೊಂದು ಲೆಕ್ಕ ಹೊಳೆಯಿತು. ಹತ್ತು ನಿಮಿಷ ತಡವಾಗಿ ಹೋದರೆ ಏಟು. ಹೋಗದೇ ಇದ್ದುಬಿಟ್ಟರೆ? ಸೋಮವಾರ 'ಜ್ವರ ಬಂದಿತ್ತು ಸಾರ್' ಅಂದರೆ ಮುಗಿಯಿತು. ಅಂದಿನಿಂದ ಶನಿವಾರ ಡೈರಿಯಿಂದ ನೇರ ಕೆರೆ ಏರಿಗೆ ಹೋಗಿ, ಖಾಲಿ ಕ್ಯಾನಿನಲ್ಲಿ ಏಡಿ ಹಿಡಿದು ಹಾಕಿಕೊಂಡು, ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳಿದ ಕೂಡಲೇ ಏಡಿ ನೀರಿಗೆ ಬಿಟ್ಟು ಕ್ಯಾನ್ ತೊಳೆದುಕೊಂಡು ಮನೆಗೆ. ಅವ್ವನಿಗೆ ಎರಡು ತಿಂಗಳು ಗೊತ್ತೇ ಆಗಲಿಲ್ಲ. ಶಾಲೆಯಲ್ಲಿದ್ದಾನೆ ಅಂದುಕೊಂಡಿದ್ದಳು. ಶಾಲೆಯವರು ಮನೆಯಲ್ಲಿ ಮಲಗಿದ್ದಾನೆ ಅಂದುಕೊಂಡಿದ್ದರು.

ನಿಮ್ಮ ಗೇಟಿನ ಬೀಗವೂ ಇದೇ ಪಾಠ ಕಲಿಸುತ್ತೆ. ತಡವಾದ ಮಗುವನ್ನು ಅದು ಬೇಗ ಬರುವ ಮಗು ಮಾಡುವುದಿಲ್ಲ, ಬಾರದ ಮಗು ಮಾಡುತ್ತೆ. ಆರು ವರ್ಷದ ಹುಡುಗಿ ಗೇಟಿನ ಹೊರಗೆ ನಿಂತಿದ್ದಾಳೆ, ಅಪ್ಪ ಅಮ್ಮ ಕೂಲಿಗೆ ಹೋಗಿದ್ದಾರೆ, ಮನೆಗೂ ಬೀಗ. ಅವಳು ಎಲ್ಲಿಗೆ ಹೋಗಬೇಕು? ಊರಲ್ಲಿ ಕೃಷಿ ಹೊಂಡ ಇದೆ, ಹೈವೇ ಇದೆ ಅಂತ ನೀವೇ ಬರೆದಿದ್ದೀರಿ. ಏನಾದರೂ ಆದರೆ ಕೀಲಿಕೈ ಯಾರ ಜೇಬಿನಲ್ಲಿತ್ತು ಅಂತ ಮೊದಲು ಕೇಳುತ್ತಾರೆ. ಕಾನೂನಿನ ಮಾತೂ ಇದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರ ಎದುರು ಹೊರಗೆ ನಿಲ್ಲಿಸುವುದು ಅದಲ್ಲದೆ ಇನ್ನೇನು?

ದಂಡವೂ ಅದೇ ಕಾಯ್ದೆಗೆ ಸಿಕ್ಕಿಬೀಳುತ್ತೆ. ಮಗು ಓದು ಮುಗಿಸಲು ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ವಸೂಲಿ ಮಾಡುವಂತಿಲ್ಲ ಅಂತ 3ನೇ ಕಲಂನಲ್ಲೇ ಇದೆ. ಕಾನೂನು ಬದಿಗಿರಲಿ, ದಂಡ ಕೆಲಸ ಮಾಡುತ್ತಾ? ಇಸ್ರೇಲಿನ ಹೈಫಾ ಊರಿನ ಶಿಶುವಿಹಾರಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿ ತಾಪತ್ರಯ ಸಂಜೆಯದು, ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡವಾಗಿ ಬರುತ್ತಿದ್ದರು. ಹತ್ತು ನಿಮಿಷಕ್ಕಿಂತ ಜಾಸ್ತಿ ತಡವಾದರೆ ದಂಡ ಅಂತ ಬೋರ್ಡು ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು! ಮೊದಲು ಟೀಚರಮ್ಮನನ್ನು ಕಾಯಿಸಿದೆವಲ್ಲ ಅಂತ ಮುಜುಗರವಾಗುತ್ತಿತ್ತು. ಈಗ ದುಡ್ಡು ಕೊಟ್ಟಾಯಿತಲ್ಲ, ಮುಜುಗರ ಯಾಕೆ? ಆಮೇಲೆ ದಂಡ ತೆಗೆದು ಹಾಕಿದರೂ ಹಳೆಯ ಸ್ಥಿತಿ ಮರಳಲಿಲ್ಲ. 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಇದು. ನಿಮ್ಮೂರಿನಲ್ಲಿ ಇನ್ನೊಂದು ಕಷ್ಟವೂ ಆಗುತ್ತೆ. ಹತ್ತು ರೂಪಾಯಿ ಇಲ್ಲದ ಮನೆಯವರು 'ಇವತ್ತು ಬೇಡ, ಮನೆಯಲ್ಲೇ ಇರು' ಅಂದುಬಿಡುತ್ತಾರೆ.

ಟಿಫಿನ್ ಬಾಕ್ಸಿನ ವಿಷಯದಲ್ಲಿ ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಲೆಕ್ಕ ಹಾಕಿ ನೋಡಿ. ಜೂನ್ ಎರಡನೇ ವಾರ ಒಂದು ಮಗುವಿಗೆ ಜ್ವರ ಬಂತು, ಒಂದು ದಿನ ಹೋಯಿತು. ಅವತ್ತೇ ಬಾಕ್ಸೂ ಹೋಯಿತು. ಇನ್ನು ಮಾರ್ಚ್ ತನಕ ಆ ಬಹುಮಾನಕ್ಕೂ ಆ ಮಗುವಿಗೂ ಏನು ಸಂಬಂಧ? ಬಾಕ್ಸು ಬೇಕೇ ಬೇಕು ಅನ್ನುವ ಮಗು ಕಣ್ಣು ಕೆಂಪಗಾಗಿದ್ದರೂ, ಮೈಮೇಲೆ ಅಮ್ಮನ ಗುಳ್ಳೆ ಎದ್ದಿದ್ದರೂ ಬಂದು ಕೂರುತ್ತೆ, ವಾರದೊಳಗೆ ಇಡೀ ಕ್ಲಾಸೇ ಮಲಗುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 15,000ಕ್ಕೂ ಹೆಚ್ಚು ಮಕ್ಕಳ ಮೇಲೆ ಇಂಥ ಪ್ರಶಸ್ತಿ ಪತ್ರಗಳನ್ನು ಪರೀಕ್ಷೆ ಮಾಡಿದ್ದಾರೆ, ನಿಮ್ಮ ಮಕ್ಕಳಿಗಿಂತ ದೊಡ್ಡವರು, ಆರನೇ ತರಗತಿಯಿಂದ ಮೇಲಿನವರು. 'ಮುಂದಿನ ತಿಂಗಳು ತಪ್ಪಿಸದಿದ್ದರೆ ಕೊಡುತ್ತೇವೆ' ಅಂದಿದ್ದಕ್ಕೆ ಏನೂ ಪರಿಣಾಮವಾಗಲಿಲ್ಲ. 'ನೀನು ತಪ್ಪಿಸಲಿಲ್ಲ, ತಗೋ' ಅಂತ ಕೊಟ್ಟಿದ್ದಕ್ಕೆ ಉಲ್ಟಾ ಹೊಡೆಯಿತು, ಆ ಮಕ್ಕಳು ಆಮೇಲೆ ಜಾಸ್ತಿ ರಜೆ ಹಾಕಿದರು. ನಾನು ಬೇರೆಯವರಿಗಿಂತ ಜಾಸ್ತಿಯೇ ಬಂದಿದ್ದೇನೆ, ಇನ್ನು ಒಂದೆರಡು ದಿನ ತಪ್ಪಿಸಿದರೆ ಏನಾಯಿತು ಅಂದುಕೊಂಡರೋ ಏನೋ. ಮಕ್ಕಳು ಲೆಕ್ಕದಲ್ಲಿ ನಮಗಿಂತ ಚುರುಕು.

ಹಾಗಾದರೆ ಏನು ಮಾಡುವುದು? ಮೊದಲು ಹಾಜರಿ ಪುಸ್ತಕ ತರಿಸಿಕೊಳ್ಳಿ, ಅದನ್ನು ಅಡ್ಡಡ್ಡ ಓದಿ.

ತಮಾಷೆಗೆ ಹೇಳುತ್ತಿಲ್ಲ. ಈಗ ನಿಮ್ಮ ಶಾಲೆಯಲ್ಲಿ ದಿನಾ ಹಾಜರಿ ಎಣಿಸುವುದು ಮುಖ್ಯವಾಗಿ ಬಿಸಿಯೂಟಕ್ಕೆ. ಒಂದರಿಂದ ಐದರವರೆಗೆ ತಲೆಗೆ 100 ಗ್ರಾಂ ಅಕ್ಕಿ, ಆರು ಏಳಕ್ಕೆ 150 ಗ್ರಾಂ, ಅಳೆದು ಅಡುಗೆಯವರಿಗೆ ಕೊಡಬೇಕಲ್ಲ. ಅಂದರೆ ಪುಸ್ತಕವನ್ನು ಮೇಲಿಂದ ಕೆಳಕ್ಕೆ ಓದುತ್ತಾರೆ, ಇವತ್ತು 66, ನಾಳೆ 67. 74ರಲ್ಲಿ 66 ಅಂದರೆ ಪರವಾಗಿಲ್ಲ ಅನಿಸುತ್ತೆ, ಅಲ್ವಾ? ಆದರೆ ಆ ಎಂಟು ಮಕ್ಕಳು ದಿನಾ ಬೇರೆ ಬೇರೆಯವರೋ, ಅದೇ ಎಂಟು ಜನವೋ? ಅದು ಗೊತ್ತಾಗಬೇಕಾದರೆ ಒಂದು ಹೆಸರಿನ ಮೇಲೆ ಸ್ಕೇಲ್ ಇಟ್ಟು ಎಡದಿಂದ ಬಲಕ್ಕೆ ಹೋಗಬೇಕು. ತಿಂಗಳಿಗೆ ಎರಡೇ ದಿನ ತಪ್ಪಿಸುವ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಹತ್ತು ತಿಂಗಳಿಗೆ 20 ದಿನ ಆಯಿತು. ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು ಅನ್ನುತ್ತೆ ಕಾಯ್ದೆ. ಅದರಲ್ಲಿ ಹತ್ತನೇ ಒಂದು ಭಾಗ ಸದ್ದಿಲ್ಲದೆ ಹೋಯಿತು. ದಿನಾ ಅರ್ಧ ಗಂಟೆ ತಡ ಮಾಡುವ ಮಗುವಿಗೆ ಇನ್ನೂ ಜಾಸ್ತಿ, ವರ್ಷಕ್ಕೆ 100 ಗಂಟೆ. ಅದೂ ಯಾವಾಗಲೂ ಮೊದಲ ಪೀರಿಯಡ್ಡೇ ಹೋಗುವುದು. ನಿಮ್ಮಲ್ಲಿ ಮೊದಲ ಪೀರಿಯಡ್ ಗಣಿತವಾದರೆ, ಆ ಮಗುವಿಗೆ ಗಣಿತ ಬರುವುದಿಲ್ಲ ಅಂತ ಬೈಯುತ್ತೀರಿ.

ಅಡ್ಡ ಓದಿದರೆ ಕತೆ ತಾನಾಗಿ ಕಾಣುತ್ತೆ. ಗೈರು ಗುರುತು ಬರೀ ಸೋಮವಾರದ್ದಾದರೆ, ಅಜ್ಜಿ ಊರಿಗೆ ಹೋದವರು ಸೋಮವಾರದ ಬಸ್ಸಿಗೆ ವಾಪಸ್ ಬರುತ್ತಿದ್ದಾರೆ. ಸಂತೆ ದಿನದ್ದಾದರೆ ಮಗು ಮನೆ ಕಾಯುತ್ತಿದೆ. ಅಕ್ಕ ತಡ, ಅದೂ ದಿನಾ ಇಪ್ಪತ್ತೇ ನಿಮಿಷ ಅಂದರೆ ಅಂಗನವಾಡಿ ಬಾಗಿಲು ತೆಗೆಯುವುದು ತಡವಾಗುತ್ತಿದೆಯಾ ನೋಡಿ, ತಮ್ಮನನ್ನು ಅಲ್ಲಿ ಬಿಡದೆ ಅವಳು ಹೇಗೆ ಬರುತ್ತಾಳೆ? ತಿಂಗಳುಗಟ್ಟಲೆ ಖಾಲಿ ಇದ್ದರೆ ಮನೆಯವರು ಗುಳೆ ಹೋಗಿದ್ದಾರೆ. ಅದು ನಿಮ್ಮ ಸಮಿತಿಯ ಕೈಯಳತೆ ಮೀರಿದ್ದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಕೇಳಬೇಕು. ಸರ್ಕಾರದ 'ಸಮಗ್ರ ಶಿಕ್ಷಣ' ಯೋಜನೆಯಲ್ಲಿ ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ಲಿಗೆ ಅವಕಾಶ ಇದೆ.

ಈಗ ನನ್ನ ಡೈರಿಯ ಕತೆಯ ಉಳಿದ ಭಾಗ. ನನ್ನ ಜ್ವರದ ನಾಟಕ ಒಡೆದದ್ದು ಒಬ್ಬ ಟೀಚರಿಂದ. ಹೊಸದಾಗಿ ವರ್ಗವಾಗಿ ಬಂದಿದ್ದರು, ಊರಲ್ಲೇ ಬಾಡಿಗೆಗೆ ಇದ್ದರು. ನಾಲ್ಕು ಶನಿವಾರ ಜ್ವರ ಬಂದ ಹುಡುಗನ ಬಗ್ಗೆ ಅನುಮಾನ ಬಂದಿರಬೇಕು, ಒಂದು ಶನಿವಾರ ಚೊಂಬು ಹಿಡಿದು ಹಾಲಿಗೆ ಅಂತ ಡೈರಿ ಹತ್ತಿರ ಬಂದರು. ಕ್ಯೂನಲ್ಲಿ ನಾನು, ನನ್ನ ಹಿಂದೆ ಮುಂದೆ ಇನ್ನೂ ಐದಾರು ಶಾಲೆ ಮಕ್ಕಳು. ನಾನು ಕ್ಯಾನಿನ ಹಿಂದೆ ಅವಿತುಕೊಂಡೆ. ಅವರು ನನ್ನ ಹತ್ತಿರ ಬರಲೇ ಇಲ್ಲ. ನೇರ ಸೆಕ್ರೆಟರಿ ಹತ್ತಿರ ಹೋಗಿ, 'ಅಣ್ಣಾ, ಶನಿವಾರ ಒಂದು ದಿನ ಸ್ಕೂಲ್ ಮಕ್ಕಳ ಹಾಲು ಮೊದಲು ಅಳೆದುಬಿಡಿ' ಅಂದರು. ಅವನು ಗೊಣಗಿದ. ಗೊಣಗುತ್ತಲೇ ನನ್ನ ಕ್ಯಾನ್ ಎಳೆದುಕೊಂಡ. ಮುಂದಿನ ವಾರದಿಂದ ಏಳೂವರೆಗೆಲ್ಲ ನಮ್ಮ ಹಾಲು ಮುಗಿಯುತ್ತಿತ್ತು. ಬೀಗ, ಬರಲು, ಬಹುಮಾನ ಒಂದೂ ಬೇಕಾಗಲಿಲ್ಲ. ಏಡಿಗಳಿಗೂ ನೆಮ್ಮದಿ.

ನಿಮ್ಮ ಶನಿವಾರಕ್ಕೆ ಕಾರಣ ಡೈರಿ ಅಂತ ನಾನು ಹೇಳುತ್ತಿಲ್ಲ. ನಲ್ಲಿ ನೀರು ಬರುವ ಹೊತ್ತೇ ಇರಬಹುದು. ಹಾಗಿದ್ದರೆ ವಾಟರ್‌ಮ್ಯಾನ್ ಹತ್ತಿರ ಮಾತಾಡುವುದು 74 ಮಕ್ಕಳನ್ನು ತಿದ್ದುವುದಕ್ಕಿಂತ ಸುಲಭ. ಅಧ್ಯಕ್ಷರಾಗಿ ನಿಮಗೆ ಇರುವ ಶಕ್ತಿಯೇ ಅದು. ಮೇಷ್ಟ್ರ ಮಾತಿಗೆ ಪಂಚಾಯಿತಿಯವರು ಹೂಂ ಅಂದು ಸುಮ್ಮನಾಗುತ್ತಾರೆ, ನಿಮ್ಮ ಮಾತಿಗೆ ಹಾಗೆ ಆಗುವುದಿಲ್ಲ.

ಮನೆಯವರಿಗೆ ಹೇಳುವುದಾದರೆ ಬೈಗುಳ ಬೇಡ, ಲೆಕ್ಕ ಹೇಳಿ. 'ನಿಮ್ಮ ಮಗು ಸರಿಯಾಗಿ ಶಾಲೆಗೆ ಬರುತ್ತಿಲ್ಲ' ಅಂದರೆ ಯಾವ ತಾಯಿಯೂ ಒಪ್ಪುವುದಿಲ್ಲ. 'ಜೂನ್‌ನಿಂದ ಇಲ್ಲಿವರೆಗೆ 14 ದಿನ ಬಂದಿಲ್ಲ' ಅಂದರೆ 'ಅಯ್ಯೋ, ಅಷ್ಟೊಂದಾ?' ಅನ್ನುತ್ತಾಳೆ. ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಸಾವಿರಾರು ಮನೆಗಳಿಗೆ ಬರೀ ಈ ಲೆಕ್ಕವನ್ನು ಅಂಚೆಯಲ್ಲಿ ಕಳಿಸಿದ್ದಕ್ಕೇ ಬಹಳ ದಿನ ತಪ್ಪಿಸುವ ಮಕ್ಕಳ ಸಂಖ್ಯೆ ಸುಮಾರು ಶೇ. 10ರಷ್ಟು ಇಳಿಯಿತು. ನಿಮಗೆ ಅಂಚೆ ಬೇಡ, ಒಂದು ಚೀಟಿ ಸಾಕು. ಓದಲು ಬಾರದ ಮನೆಗೆ ನೀವೇ ಸಂಜೆ ಹೋಗಿ ಬನ್ನಿ, ಟೀನೂ ಸಿಗುತ್ತೆ.

ಹಾಲಿನ ವಿಷಯ ಒಂದು ಮಾತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾದಾಗಿನಿಂದ ಮಕ್ಕಳಿಗೆ ಶಾಲೆಯಲ್ಲಿ ಹಾಲು ಸಿಗುತ್ತಿದೆ. ನಿಮ್ಮಲ್ಲಿ ಅದನ್ನು ಹನ್ನೊಂದು ಗಂಟೆ ಮೇಲೆ ಕೊಡುತ್ತಾರಂತೆ. ಪ್ರಾರ್ಥನೆ ಮುಗಿದ ಕೂಡಲೇ ಕೊಟ್ಟು ನೋಡಿ. ಆದರೆ ತಡವಾಗಿ ಬಂದ ಮಗುವಿನ ಲೋಟ ಎತ್ತಿಡಿ, 'ಮುಗೀತು' ಅನ್ನಬೇಡಿ. ಆ ಮಗು ಏನೂ ತಿನ್ನದೇ ಬಂದಿರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ವಿಷಯ ನೀವು ಕಾಗದದ ಅಂಚಿನಲ್ಲಿ ಸಣ್ಣಕ್ಕೆ ಬರೆದಿದ್ದೀರಿ. ಮೂರು ಜನ ಶಿಕ್ಷಕರಲ್ಲಿ ಇಬ್ಬರು ತಾಲ್ಲೂಕು ಕೇಂದ್ರದಿಂದ ಬರುವವರು, ಬಸ್ಸು ಊರಿಗೆ ಬರುವುದೇ ಹತ್ತೂಕಾಲಿಗೆ. ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು! ಮಕ್ಕಳು ದಡ್ಡರಲ್ಲ. ಪಾಠ ಶುರುವಾಗುವುದು ಹತ್ತೂವರೆಗೆ ಅಂತ ಅವರಿಗೆ ಗೊತ್ತು, ಆ ಹೊತ್ತಿಗೆ ಸರಿಯಾಗಿ ಬರುತ್ತಿದ್ದಾರೆ. ಅವರು ತಡ ಮಾಡುತ್ತಲೇ ಇಲ್ಲ. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಒಂದು ಸಂಸ್ಥೆಯ ಹಳ್ಳಿ ಶಾಲೆಗಳಿಗೆ ಕ್ಯಾಮೆರಾ ಕೊಟ್ಟು, ದಿನಾ ಶಾಲೆ ಶುರುವಾದಾಗ ಮತ್ತು ಬಿಟ್ಟಾಗ ಮಕ್ಕಳ ಜೊತೆ ಶಿಕ್ಷಕರ ಫೋಟೋ ತೆಗೆಸಿ, ಬಂದ ದಿನಕ್ಕೆ ತಕ್ಕಂತೆ ಸಂಬಳ ಕೊಟ್ಟರು. ಕ್ಯಾಮೆರಾ ಇಲ್ಲದ ಶಾಲೆಗಳಲ್ಲಿ ಶಿಕ್ಷಕರ ಗೈರು ಶೇ. 42 ಇದ್ದರೆ, ಕ್ಯಾಮೆರಾ ಇದ್ದ ಕಡೆ ಶೇ. 21 ಮಾತ್ರ. ನಿಮ್ಮ ಮೇಷ್ಟ್ರುಗಳಿಗೆ ಫೋಟೋ ಹಿಡಿಯಿರಿ ಅಂತ ಹೇಳುತ್ತಿಲ್ಲ, ಅವರು ಗೈರಾಗುತ್ತಿಲ್ಲ, ಬಸ್ಸಿಗೆ ಸಿಕ್ಕಿಕೊಂಡಿದ್ದಾರೆ ಅಷ್ಟೇ. ಸಮಿತಿಯ ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ, ಬಸ್ಸು ಅರ್ಧ ಗಂಟೆ ಮುಂಚೆ ಬಿಡಿ ಅಂತ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ. ಪಕ್ಕದ ಹಟ್ಟಿಯ ಮಕ್ಕಳೂ ಅದೇ ಬಸ್ಸಿಗೆ ಬರುತ್ತಾರಲ್ಲ, ಅವರ ಹೆಸರು ಸೇರಿಸಿ. ಬಸ್ಸು ಬದಲಾಗುವ ತನಕ ಊರಲ್ಲೇ ಇರುವ ಹೆಡ್‌ಮಾಸ್ಟರು ಹತ್ತು ಗಂಟೆಗೆ ಏಳೂ ತರಗತಿಯನ್ನು ಒಟ್ಟಿಗೆ ಕೂರಿಸಿ ಒಗಟೋ, ಲೆಕ್ಕದ ಆಟವೋ, ಪೇಪರ್ ಓದಿಸುವುದೋ ಏನಾದರೂ ನಡೆಸಲಿ. ಏನೂ ನಡೆಯದ ಹದಿನೈದು ನಿಮಿಷಕ್ಕೆ ಓಡಿ ಬರುವ ಮಗುವನ್ನು ನಾನಂತೂ ನೋಡಿಲ್ಲ.

ಶೇಂಗಾ ಕೀಳುವ ಕಾಲಕ್ಕೆ ನನ್ನ ಹತ್ತಿರ ಮದ್ದಿಲ್ಲ, ಅದನ್ನು ನಿಮ್ಮೂರಿನ ದೊಡ್ಡವರನ್ನು ಕೂರಿಸಿಕೊಂಡೇ ಮಾತಾಡಬೇಕು. ಮಕ್ಕಳ ಕೂಲಿ ಅಗ್ಗ ಅಂತ ಕರೆಯುವವರು ಯಾರು ಅಂತ ನಿಮಗೆ ಗೊತ್ತಿದೆ. ಒಂದಿಬ್ಬರು ಸಮಿತಿಯಲ್ಲೇ ಇರಬಹುದು.

ದಸರಾ ರಜೆ ಮುಗಿದ ಮೇಲೆ ಮತ್ತೆ ಬರೆಯಿರಿ. ಎಷ್ಟು ಮಕ್ಕಳು ಬಂದರು ಅಂತ ಬೇಡ. ಯಾರು ಬರಲಿಲ್ಲ, ಯಾಕೆ ಅಂತ ಬರೆಯಿರಿ. ಟಿಫಿನ್ ಬಾಕ್ಸು 20 ಈಗಾಗಲೇ ತಂದಾಗಿದೆ, ವಾಪಸ್ ತಗೊಳ್ಳಲ್ಲ ಅನ್ನುತ್ತಿದ್ದಾನೆ ಅಂಗಡಿಯವನು ಅಂತ ಬೇರೆ ಬರೆದಿದ್ದೀರಿ. ಬಿಸಿಯೂಟದ ಕೋಣೆಯಲ್ಲಿ ಇಟ್ಟುಬಿಡಿ. ತಟ್ಟೆ ತರಲು ಮರೆತ ಮಕ್ಕಳಿಗಾಗುತ್ತೆ.

ನಿಮ್ಮ
ಸಂಪಾದಕ