ಪ್ರತಿಕ್ರಿಯೆ: ಭೂತಾನ್‌ನ 1200 ರೂಪಾಯಿ ಶುಲ್ಕ ದಂಡವೇ?

ನಮಸ್ಕಾರ. ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳ ಜೊತೆ ಐದು ರಾತ್ರಿ ಭೂತಾನ್‌ನಲ್ಲಿ ಇರುತ್ತೇವೆ, ಅಲ್ಲಿನ ಸರ್ಕಾರ ಪ್ರವಾಸಿಗರಿಂದ ತೆಗೆದುಕೊಳ್ಳುವ ಶುಲ್ಕ ಅಂತ ತಲೆಗೆ ರಾತ್ರಿಗೆ 1200 ರೂಪಾಯಿ ಯಾಕೆ ಕೊಡಬೇಕು, ಇದು ದಂಡವೇ ಅಂತ ಕೇಳಿದ್ದೀರಿ.

ಮೊದಲು ಲೆಕ್ಕ. ಆರರಿಂದ ಹನ್ನೆರಡು ವರ್ಷದವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಿಮಗಿಬ್ಬರಿಗೆ 12,000, ದೊಡ್ಡ ಮಗುವಿಗೆ 3,000. ಒಟ್ಟು 15,000. ಹೋಟೆಲ್, ಗಾಡಿ, ಊಟ ಬೇರೆ.

ಭಾರತೀಯರಿಗೆ ಇದು ಶುರುವಾಗಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಬೇರೆ ದೇಶದವರಿಗೆ ಆಗ ರಾತ್ರಿಗೆ 200 ಡಾಲರ್ ಮಾಡಿದ್ದರು, ಮರುವರ್ಷ 100ಕ್ಕೆ ಇಳಿಸಿದರು. ಅಂದರೆ ನಮಗೆ ದೊಡ್ಡ ರಿಯಾಯಿತಿಯೇ ಇದೆ.

ದಂಡ ಅಂತ ನನಗೆ ಅನ್ನಿಸುವುದಿಲ್ಲ. ಎಂಟು ಲಕ್ಷದಷ್ಟು ಜನರಿರುವ ದೇಶ ಅದು. ಅಲ್ಲಿನ ಜನಕ್ಕೆ ಸರ್ಕಾರಿ ಚಿಕಿತ್ಸೆ, ಶಾಲೆ ಉಚಿತ. ನೆಲದ ಶೇಕಡಾ 60ರಷ್ಟು ಸದಾ ಕಾಡಾಗಿಯೇ ಇರಬೇಕು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ಕಾಡು ಕಡಿದು ದುಡ್ಡು ಮಾಡದ ದೇಶಕ್ಕೆ ಖರ್ಚಿಗೆ ಎಲ್ಲಿಂದಾದರೂ ಬರಬೇಕಲ್ವಾ? ನಮ್ಮ ಮುಳ್ಳಯ್ಯನಗಿರಿಯಲ್ಲಿ ರಜಾದಿನ ಕಾರುಗಳ ಸಾಲು ನೋಡಿದವರಿಗೆ, ಜನ ಕಡಿಮೆ ಇದ್ದರೆ ಬೆಟ್ಟಕ್ಕೆ ಎಷ್ಟು ನೆಮ್ಮದಿ ಅಂತ ಗೊತ್ತಿರುತ್ತದೆ. ಆದರೆ ಮಧ್ಯಮ ವರ್ಗದ ಮನೆಗೆ 15,000 ಸಣ್ಣ ಮೊತ್ತ ಅಲ್ಲ. ಆ ಬೇಸರ ನ್ಯಾಯವಾದದ್ದೇ.

ಉಳಿಸಬೇಕೆಂದರೆ ರಾತ್ರಿ ಕಡಿಮೆ ಮಾಡಿ, ಊರು ಕಡಿಮೆ ಮಾಡಿ. ಪಾರೋ, ಥಿಂಪು ಎರಡೇ ಸಾಕು. ಸುಮ್ನೆ ಓಡಾಡುವುದಕ್ಕಿಂತ ಸ್ಥಳೀಯರ ಮನೆಯಲ್ಲಿ ಉಳಿದುಕೊಳ್ಳಿ, ಆ ದುಡ್ಡು ನೇರ ಅವರ ಕೈಗೆ ಹೋಗುತ್ತದೆ. ಭೂತಾನ್ ಪ್ರವೇಶಕ್ಕೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ, ಮಕ್ಕಳಿಗೆ ಜನನ ಪ್ರಮಾಣಪತ್ರ ಇಟ್ಟುಕೊಳ್ಳಿ.